ಔಷಧಿ ಕೆಲಸ ಮಾಡಿದ್ದು ಎಲ್ಲಿ?

'ಮೆದುಳಿನ ಕ್ಯಾನ್ಸರ್‌ಗೆ ಔಷಧಿ ಸಿಕ್ಕಿತು' ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಅಂಥದ್ದು ಬಂದಾಗ ನಾವು ಮೊದಲು ಹುಡುಕುವುದು ಒಂದನ್ನೇ: ಆ ಔಷಧಿ ಕೆಲಸ ಮಾಡಿದ್ದು ಎಲ್ಲಿ? ರೋಗಿಯ ತಲೆಯಲ್ಲೋ, ಇಲಿಯಲ್ಲೋ, ಲ್ಯಾಬಿನ ತಟ್ಟೆಯಲ್ಲೋ?

ಮೆದುಳಿನ ಗಡ್ಡೆಗಳಲ್ಲಿ ತೀರಾ ಕೆಟ್ಟದ್ದು ಗ್ಲಿಯೋಬ್ಲಾಸ್ಟೋಮಾ. ಇದು ಗರಿಕೆಯ ಜಾತಿ. ಕಣ್ಣಿಗೆ ಕಂಡಷ್ಟನ್ನು ಆಪರೇಷನ್ ಮಾಡಿ ತೆಗೆದರೂ ಸುತ್ತಲಿನ ಮೆದುಳಿನೊಳಗೆ ಎಳೆಗಳು ಉಳಿದು ಮತ್ತೆ ಚಿಗುರುತ್ತದೆ. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ರೇಡಿಯೇಷನ್ ಜೊತೆ ಟೆಮೊಝೊಲೊಮೈಡ್ ಮಾತ್ರೆ ಕೊಟ್ಟರು. ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಅಷ್ಟೇ.

ತಟ್ಟೆಯಲ್ಲಿ ಗೆದ್ದ ಔಷಧಿ ತಲೆಯಲ್ಲಿ ಏಕೆ ಸೋಲುತ್ತದೆ? ಬಿತ್ತನೆ ಬೀಜದ ಚೀಲ ನೆನೆಸಿಕೊಳ್ಳಿ. ಸ್ವೀಡನ್‌ನ ಉಪ್ಸಾಲಾದಲ್ಲಿ 1966ರಲ್ಲಿ ಒಬ್ಬ ರೋಗಿಯ ಗಡ್ಡೆಯಿಂದ ಯು-87 ಎಂಬ ಜೀವಕೋಶಗಳ ತಳಿ ಬೆಳೆಸಿದರು. ಅದೇ ಹೆಸರಿನ ಕೋಶಗಳು ಲ್ಯಾಬಿನಿಂದ ಲ್ಯಾಬಿಗೆ ಹೋಗಿ ಜಗತ್ತಿನಾದ್ಯಂತ ಬಳಕೆಗೆ ಬಂದವು. 2016ರಲ್ಲಿ ಉಪ್ಸಾಲಾದವರೇ ಹಳೆಯ ಗಡ್ಡೆಯ ಉಳಿದ ತುಣುಕಿನ ಜೊತೆ ಡಿಎನ್‌ಎ ಹೋಲಿಸಿ ನೋಡಿದರೆ, ಎಲ್ಲರೂ ಬಳಸುತ್ತಿದ್ದ ಯು-87 ಆ ರೋಗಿಯದೇ ಅಲ್ಲ! ಅದೂ ಬಹುಶಃ ಗ್ಲಿಯೋಬ್ಲಾಸ್ಟೋಮಾವೇ, ಆದರೆ ಬೇರೆ ಯಾರದೋ. ಚೀಲದ ಮೇಲಿನ ಹೆಸರು ಒಂದು, ಒಳಗಿನ ಬೀಜ ಇನ್ನೊಂದು.

ತಳಿ ಸರಿಯಿದ್ದರೂ ತೊಂದರೆ ತಪ್ಪದು. ತಟ್ಟೆಯಲ್ಲಿ ಕೋಶಗಳು ಪೋಷಕ ದ್ರವ ಕುಡಿದು ಚಪ್ಪಟೆಯಾಗಿ ಬೆಳೆಯುತ್ತವೆ. ತಲೆಯಲ್ಲಿ ಒಂದೇ ಗಡ್ಡೆಯೊಳಗೆ ಹತ್ತಾರು ಬಗೆಯ ಕೋಶಗಳು, ರಕ್ತನಾಳಗಳು ಇರುತ್ತವೆ. ರಕ್ತದಲ್ಲಿನ ಎಷ್ಟೋ ಔಷಧಿಗಳನ್ನು ಮೆದುಳಿನ ರಕ್ತನಾಳಗಳು ಒಳಗೇ ಬಿಡುವುದಿಲ್ಲ.

ಅದಕ್ಕೇ ಈಗ ದಾರಿ ಬದಲಾಗುತ್ತಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2020ರಲ್ಲಿ ತೋರಿಸಿದ ವಿಧಾನದಲ್ಲಿ ಗಡ್ಡೆಯನ್ನು ಬಿಡಿ ಕೋಶಗಳಾಗಿ ಒಡೆಯುವುದಿಲ್ಲ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಸಣ್ಣ ತುಣುಕು ಮಾಡಿ, ದ್ರವದಲ್ಲಿ ಅಲುಗಾಡಿಸುತ್ತಾ ಇಡುತ್ತಾರೆ. ಒಂದೆರಡು ವಾರದಲ್ಲಿ ಅವು ಪುಟ್ಟ ಉಂಡೆಗಳಾಗುತ್ತವೆ. ಇವನ್ನು ಆರ್ಗನಾಯ್ಡ್ ಎನ್ನುತ್ತಾರೆ. ಮೂಲ ಗಡ್ಡೆಯ ನಾನಾ ಕೋಶಗಳು ಇವುಗಳಲ್ಲಿ ಬಹುಮಟ್ಟಿಗೆ ಉಳಿಯುತ್ತವೆ. ಆ ರೋಗಿಯ ಗಡ್ಡೆಗೆ ಯಾವ ಔಷಧಿ ತಾಕುತ್ತದೆ ಎಂದು ಇವುಗಳ ಮೇಲೆ ಪರೀಕ್ಷಿಸಬಹುದು. ಆದರೆ ಇವುಗಳಲ್ಲೂ ರಕ್ತ ಹರಿಯುವುದಿಲ್ಲ.

ಆದ್ದರಿಂದ ಮನೆಯಲ್ಲಿ ಇಂಥ ರೋಗಿ ಇದ್ದು, ಯಾರಾದರೂ 'ಹೊಸ ಔಷಧಿ' ಎಂದು ದುಡ್ಡು ಕೇಳಿದರೆ, ಹೊಲ ಅಡವಿಡುವ ಮುಂಚೆ ಆ ಸುದ್ದಿಯನ್ನು ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ತೋರಿಸಿ. ಮನುಷ್ಯರ ಮೇಲೆ ಪರೀಕ್ಷೆ ಆಗಿದೆಯೇ ಎಂದು ಬಾಯಿ ಬಿಟ್ಟು ಕೇಳಿ.