ದೇಟು ಸರಿಯಾಗಿ ಕಟ್ ಆಗಿಲ್ಲ

ನಮ್ಮಪ್ಪ 26 ವರ್ಷ ಗದಗಿನ ಒಂದು ಪ್ರೆಸ್ಸಿನಲ್ಲಿ ಪಂಚಿಂಗ್ ಮಷೀನ್ ಮುಂದೆ ನಿಂತವನು. ಮದುವೆ ಕಾರ್ಡಿನಲ್ಲಿ ಗಣಪತಿ ಆಕಾರದ ಕಿಂಡಿ, ಕಮಾನಿನಂಥ ಬಾಗಿಲು, ಹೂವಿನ ಅಂಚು ಇರುತ್ತವಲ್ಲ, ಅವನ್ನು ಕತ್ತರಿಸುವ ಕೆಲಸ. ಪ್ಲೈವುಡ್ ಹಲಗೆಯಲ್ಲಿ ಬೇಕಾದ ಆಕಾರಕ್ಕೆ ಸೀಳು ಮಾಡಿ, ಅದರೊಳಗೆ ಹರಿತವಾದ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಕೂಡಿಸುತ್ತಾರೆ. ಪಕ್ಕದಲ್ಲಿ ಸ್ಪಂಜಿನ ತುಂಡು ಅಂಟಿಸುತ್ತಾರೆ, ಕತ್ತರಿಸಿದ ಕಾಗದ ಪಟ್ಟಿಯಲ್ಲಿ ಸಿಕ್ಕಿಕೊಳ್ಳದೆ ಹೊರಗೆ ಬರಲಿ ಎಂದು. ಅದಕ್ಕೆ ಡೈ ಅನ್ನುತ್ತಾರೆ. ಮಷೀನು ಬಾಯಿ ತೆರೆದಾಗ ಹಾಳಿ ಇಡಬೇಕು, ಮುಚ್ಚುವುದರೊಳಗೆ ಕೈ ತೆಗೆಯಬೇಕು. ಅಪ್ಪನ ಎಡಗೈ ತೋರುಬೆರಳು ಅರ್ಧ ಇಲ್ಲ. ಕೇಳಿದವರಿಗೆ, "ಮಷೀನಿಂದು ತಪ್ಪಿಲ್ಲ, ನನ್ನ ಲಕ್ಷ್ಯ ಬ್ಯಾರೆ ಕಡೆ ಇತ್ತು" ಅಂತಾನೆ.

ಈ ಡೈ ಮತ್ತೆ ನನ್ನ ಕಣ್ಣಿಗೆ ಬಿದ್ದದ್ದು ಅಮೆರಿಕದ ಮಿಶಿಗನ್ ರಾಜ್ಯದ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ.

2023ರಲ್ಲಿ ಅಕ್ಕನ ಎರಡನೇ ಹೆರಿಗೆಗೆ ನಾನು ಅಲ್ಲಿಗೆ ಹೋಗಿದ್ದೆ. ಬಾಣಂತನ ಮಾಡಬೇಕಾದವಳು ಅವ್ವ. ಆದರೆ ಅವ್ವ 2020ರ ಜುಲೈನಲ್ಲೇ ತೀರಿಕೊಂಡಿದ್ದಳು. ಆಗ ಮಾಮೂಲಿ ವಿಮಾನಗಳು ನಿಂತಿದ್ದವು. ವಂದೇ ಭಾರತ್ ವಿಮಾನದಲ್ಲಿ ಹೇಗಾದರೂ ಸೀಟು ಸಿಕ್ಕು ಬಂದರೂ ವಾಪಸ್ ಹೋಗಲು ವೀಸಾದ ಗ್ಯಾರಂಟಿ ಇರಲಿಲ್ಲ. ಅಕ್ಕ ಬರಲಿಲ್ಲ. ಅವ್ವನ ಮಣ್ಣನ್ನು ನನ್ನ ಫೋನಿನಲ್ಲಿ ನೋಡಿದಳು. ಅಂದು ರಾತ್ರಿ ಅಪ್ಪ, "ಬರೂ ಮನಸಿದ್ದರ ಬರ್ತಿದ್ಲು" ಅಂದ. ಫೋನ್ ಇನ್ನೂ ಕಟ್ ಆಗಿರಲಿಲ್ಲ. ಅಕ್ಕ ಕೇಳಿಸಿಕೊಂಡಳು.

ಅಲ್ಲಿಂದ ಮೂರು ವರ್ಷ ಇಬ್ಬರ ಮಾತು, "ಆರಾಮ ಇದ್ದೀಯಪಾ?" "ಹೂಂ." ಇಷ್ಟೇ. ಫೋನು ಮತ್ತೆ ನನ್ನ ಕೈಗೆ ಬರುತ್ತಿತ್ತು.

ಮಿಶಿಗನ್ನಿನಲ್ಲಿ ಅಕ್ಟೋಬರ್ ಅಂದರೆ ಎಲೆ ಉದುರುವ ಕಾಲ. ಚಳಿ ಬರುತ್ತಿದ್ದಂತೆ ಮರ ಎಲೆಯ ಹಸಿರು ಬಣ್ಣ ತಯಾರಿಸುವುದನ್ನು ನಿಲ್ಲಿಸುತ್ತದೆ. ಆಗ ಒಳಗೆ ಮೊದಲಿಂದಲೂ ಇದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪು ಮಾತ್ರ ಆಗಲೇ ಹೊಸದಾಗಿ ಹುಟ್ಟುವ ಬಣ್ಣ. ಮೇಪಲ್ ಮರಗಳು ಬೆಂಕಿ ಹತ್ತಿದಂತೆ ಕಾಣುತ್ತವೆ. ಈ ಕಾಲಕ್ಕೆಂದೇ ಅಲ್ಲಿಯವರು ಕೈಯಾರೆ ಗ್ರೀಟಿಂಗ್ ಕಾರ್ಡ್ ಮಾಡಿ ಕಳಿಸಿಕೊಳ್ಳುತ್ತಾರೆ. ಮೇಪಲ್ ಎಲೆ, ಓಕ್ ಎಲೆ, ಕುಂಬಳಕಾಯಿ. ನವೆಂಬರಿನ ನಾಲ್ಕನೇ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಅಲ್ಲಿಯವರೆಗೂ ಇದು ನಡೆದಿರುತ್ತದೆ.

ಅಕ್ಕನ ಐದು ವರ್ಷದ ಮಗನನ್ನು ಕರೆದುಕೊಂಡು ಲೈಬ್ರರಿಗೆ ಹೋದಾಗ ಒಂದು ಮೂಲೆಯಲ್ಲಿ ಉದ್ದ ಹಿಡಿಯ ಮಷೀನು ಕಂಡೆ. ಯಾರು ಬೇಕಾದರೂ ಬಳಸಬಹುದು, ದುಡ್ಡಿಲ್ಲ. ಪಕ್ಕದ ಕಪಾಟಿನಲ್ಲಿ ಡೈಗಳು. ಒಂದನ್ನು ಎತ್ತಿ ತಿರುಗಿಸಿ ನೋಡಿದೆ. ಮರದ ಹಲಗೆ, ಉಕ್ಕಿನ ಪಟ್ಟಿ, ಸ್ಪಂಜು. ಅಪ್ಪನದೇ. ಆಕಾರ ಮಾತ್ರ ಮೇಪಲ್ ಎಲೆ. ಇಲ್ಲಿ ಕೈ ಹೋಗುವ ಭಯವಿಲ್ಲ. ಕಾಗದದ ಮೇಲೆ ಡೈ ಇಟ್ಟು, ಒಳಗೆ ಸರಿಸಿ, ಹಿಡಿಯನ್ನು ಕೆಳಗೆಳೆದರೆ ಆಯಿತು. ಆದರೆ ಕಾಗದ ಕತ್ತರಿಸಿದಾಗ ಬರುವ ಆ ಸಣ್ಣ 'ಕಟಕ್' ಸದ್ದು ಬಾಲ್ಯದಲ್ಲಿ ಬುತ್ತಿ ಕೊಡಲು ಪ್ರೆಸ್ಸಿಗೆ ಹೋದಾಗ ಕೇಳಿದ್ದೇ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಆ ಲೈಬ್ರರಿಗೆ ನಾಲ್ಕು ವರ್ಷದಿಂದ ಹೋಗುತ್ತಿದ್ದಳು. "ಗೊತ್ತೈತಿ. ಒಮ್ಮೆನೂ ಮುಟ್ಟಿಲ್ಲ" ಅಂದಳು.

ದಸರಾ ಹತ್ತಿರ ಬಂದಿತ್ತು. ನಮ್ಮ ಕಡೆ ವಿಜಯದಶಮಿಗೆ ಬನ್ನಿ ಕೊಡುವುದು ನಿಮಗೆ ಗೊತ್ತೇ ಇದೆ. ಸಣ್ಣವರು ದೊಡ್ಡವರ ಕೈಗೆ ಎಲೆ ಇಟ್ಟು ಕಾಲು ಮುಟ್ಟುತ್ತಾರೆ, ಆ ಎಲೆಗೆ ಬಂಗಾರ ಅಂತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟು ಮಾತಾಡುತ್ತಾರೆ. ಬನ್ನಿ ಎಲೆಯ ಡೈ ಅಮೆರಿಕದಲ್ಲಿ ಎಲ್ಲಿಂದ ಬರಬೇಕು? ಇದ್ದದ್ದರಲ್ಲೇ ಮಾಡೋಣ ಅಂದೆ. ಅಕ್ಕ ಹೂಂ ಅನ್ನಲೂ ಇಲ್ಲ, ಬ್ಯಾಡ ಅನ್ನಲೂ ಇಲ್ಲ. ಮರುದಿನ ಕೂಸನ್ನು ಭಾವನ ಕೈಗೆ ಕೊಟ್ಟು ತಾನೇ ಚಪ್ಪಲಿ ಹಾಕಿಕೊಂಡಳು.

ಮೊದಲ ಕಾರ್ಡು ಕೆಟ್ಟಿತು. ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದದ ದಪ್ಪ ಹಾಳಿಯನ್ನು ಎರಡು ಭಾಗ ಮಾಡಿ, ಒಂದನ್ನು ಮಡಚಿ ಅದರ ಮೇಲೆ ನಾಲ್ಕೈದು ಎಲೆಗಳನ್ನು ಸ್ಪಂಜಿನ ಟೇಪು ಹಚ್ಚಿ ಒಂದರ ಮೇಲೊಂದು ಕೂಡಿಸಿದ್ದೆವು. ನೋಡಲು ಚೆಂದ. ಅಂಚೆ ಕಚೇರಿಯವರು ಲಕೋಟೆ ಸವರಿ, ಉಬ್ಬಿದೆ, ಕಾಗದದ ರೇಟಿನಲ್ಲಿ ಹೋಗಲ್ಲ, ಪಾರ್ಸೆಲ್ ಆಗುತ್ತದೆ ಅಂದರು. ನನಗೆ ಸಿಟ್ಟು ಬಂತು. ಅಕ್ಕ ನಕ್ಕಳು, ನಾನು ಹೋದಮೇಲೆ ಮೊದಲ ಸಲ.

ಎರಡನೆಯದಕ್ಕೆ ಅವಳೇ ಉಪಾಯ ಹೇಳಿದಳು. ಎಲೆ ಅಂಟಿಸುವುದು ಬೇಡ, ಮದುವೆ ಕಾರ್ಡಿನಂತೆ ಕಿಂಡಿ ಮಾಡೋಣ. ಕಾರ್ಡಿನ ಮುಂಭಾಗದಲ್ಲಿ ಮೇಪಲ್ ಎಲೆಯ ಆಕಾರ ಕತ್ತರಿಸಿ ತೆಗೆದೆವು. ಹುಡುಗನಿಗೆ ಬೇರೆ ಹಾಳಿ ಕೊಟ್ಟು ಹಳದಿ, ಕೇಸರಿ, ಕೆಂಪು ನೀರುಬಣ್ಣ ಬಳಿಯಲು ಬಿಟ್ಟೆವು. ಅವನು ಮೇಜಿಗೂ ಬಳಿದ. ಒಣಗಿದ ಮೇಲೆ ಆ ಹಾಳಿಯನ್ನು ಕಿಂಡಿಯ ಹಿಂದೆ ಅಂಟಿಸಿದರೆ, ಹೊರಗಿನ ಮರವೇ ಕಾರ್ಡಿನೊಳಗೆ ಬಂದಂತಾಯಿತು. ಉಬ್ಬಿಲ್ಲ, ತೂಕವಿಲ್ಲ. ಒಳಗೆ ಇಡಲು ಬಂಗಾರದ ಬಣ್ಣದ ತೆಳು ಕಾಗದದಲ್ಲಿ ಒಂದು ಓಕ್ ಎಲೆ ಕತ್ತರಿಸಿದೆವು. ಅದೇ ಬನ್ನಿ.

ಕತ್ತರಿಸುವುದು ಸುಲಭವಿತ್ತು, ಬರೆಯುವುದೇ ಕಷ್ಟವಾಯಿತು. ವೀಸಾದ ವಿಷಯ, ವಿಮಾನದ ವಿಷಯ, ಆ ರಾತ್ರಿ ತಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದ ವಿಷಯ ಎಲ್ಲ ಬರೆದು ಎರಡು ಹಾಳಿ ಹರಿದಳು. ನಾನು ಮಗುವಿಗೆ ಎಣ್ಣೆ ಹಚ್ಚುತ್ತ ಸುಮ್ಮನಿದ್ದೆ. ಕೊನೆಗೆ ಕಾರ್ಡಿನಲ್ಲಿ ಬರೆದದ್ದು ಎರಡು ಸಾಲು. "ಅಪ್ಪಾ, ಬನ್ನಿ ತಗೊ. ಅವ್ವಗ ಕೊಡೂದು ಉಳದೈತಿ, ಅದನ್ನೂ ನೀನ ತಗೊ."

ಆ ವರ್ಷ ವಿಜಯದಶಮಿ ಅಕ್ಟೋಬರ್ 24ಕ್ಕೆ. ಕಾರ್ಡು ನಮ್ಮೂರು ಮುಟ್ಟಿದ್ದು ದೀಪಾವಳಿ ಮುಗಿದ ಮೇಲೆ.

ಅಪ್ಪ ವಿಡಿಯೋ ಕಾಲ್ ಮಾಡಿದ. ಸಾಮಾನ್ಯವಾಗಿ ಅವನು ತಾನಾಗಿ ಮಾಡುವವನಲ್ಲ. ಚಾಳೀಸು ಹಾಕಿಕೊಂಡು ಕಾರ್ಡನ್ನು ಫೋನಿನ ಮುಂದೆ ಹಿಡಿದಿದ್ದ. ಮೊದಲು ಹಾಳಿಯ ಮೂಲೆಯನ್ನು ಬೆರಳಲ್ಲಿ ತಿಕ್ಕಿ, "ಎರಡ್ನೂರು ಜಿಎಸ್ಎಂ ಮ್ಯಾಲ ಐತಿ" ಅಂದ. ಅಮೆರಿಕದಲ್ಲಿ ಹಾಳಿಯನ್ನು ಪೌಂಡಿನಲ್ಲಿ ಹೇಳುತ್ತಾರೆ, ನಮ್ಮದು 80 ಪೌಂಡಿನ ಕಾರ್ಡ್ ಹಾಳಿ. ಆಮೇಲೆ ಲೆಕ್ಕ ಹಾಕಿದೆ, 216 ಜಿಎಸ್ಎಂ. ಅರ್ಧ ಬೆರಳಿನ ಅಂದಾಜು ತಪ್ಪಿರಲಿಲ್ಲ.

ಆಮೇಲೆ ಕಿಂಡಿಯ ಅಂಚನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದ. "ದೇಟು ಸರಿಯಾಗಿ ಕಟ್ ಆಗಿಲ್ಲ. ಎಳೆ ಎದ್ದೈತಿ ನೋಡು. ಯಾರು ಕಟ್ ಮಾಡಿದ್ದು?"

"ಅಕ್ಕ."

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. "ಆಕಿ ಕೈಯಾಗ ಫೋನ್ ಕೊಡು" ಅಂದ.

ನಾನು ಕೂಸನ್ನು ಎತ್ತಿಕೊಂಡು ಒಳಗೆ ಹೋದೆ. ಆದರೂ ಕೇಳಿಸುತ್ತಿತ್ತು. ಎಲ್ಲಿ ಒತ್ತು ಕಡಿಮೆ ಬೀಳುತ್ತದೋ ಅಲ್ಲಿ ಮಾತ್ರ ಅಡಿಗೆ ತೆಳು ಹಾಳಿಯ ತುಂಡು ಕೊಡಬೇಕು, ಪೂರ್ತಿ ಹಾಳಿ ಕೊಟ್ಟರೆ ಉಳಿದ ಕಡೆ ಒತ್ತು ಜಾಸ್ತಿಯಾಗಿ ಡೈಯ ಬಾಯಿ ಹಾಳಾಗುತ್ತದೆ, ಒಂದು ತುಂಡು ಸಾಲದಿದ್ದರೆ ಇನ್ನೊಂದು, ಅವಸರ ಮಾಡಬಾರದು. ಹತ್ತು ನಿಮಿಷ ಅದನ್ನೇ ಹೇಳಿದ. ಅಕ್ಕ "ಹೂಂ ಅಪ್ಪಾ, ಹೂಂ" ಅನ್ನುತ್ತಿದ್ದಳು, ಮೂಗು ಒರೆಸಿಕೊಳ್ಳುವ ಸದ್ದೂ ಬರುತ್ತಿತ್ತು. ಅವ್ವನ ಮಾತು ಇಬ್ಬರೂ ಎತ್ತಲಿಲ್ಲ. ಬಂಗಾರದ ಎಲೆ ಎಲ್ಲಿಟ್ಟೆ ಅಂತ ಅವಳು ಕೇಳಿದಾಗ ಮಾತ್ರ, "ಎಲ್ಲಿಡಬೇಕೋ ಅಲ್ಲೇ ಇಟ್ಟೀನಿ" ಅಂದ.

ಕೊನೆಗೆ, "ಇನ್ನೊಂದು ಮಾಡಿ ಕಳಸು. ದೇಟು ನೋಡ್ತೀನಿ" ಅಂದು ಫೋನ್ ಇಟ್ಟ.

ಆ ಶನಿವಾರ ಲೈಬ್ರರಿಗೆ ಹೋಗುವಾಗ ಅಕ್ಕನ ಚೀಲದಲ್ಲಿ ಹಳೆಯ ಪೇಪರಿನ ಸಣ್ಣ ಸಣ್ಣ ತುಂಡುಗಳಿದ್ದವು.