ಮೈಗೆ ಒಪ್ಪುವ ಜೀನ್ಸು

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲಕ್ಕೆ ಅದು ಸಲ್ಲುವ ಮಾತೇ ಆಗಿದ್ದಿತು. ನನ್ನ ಅಜ್ಜಿಯವರು ಹದಿನೆಂಟು ಮೊಳದ ಸೀರೆಯನ್ನು ಉಡುತ್ತಿದ್ದರು. ಆ ಸೀರೆಗೆ ಸೊಂಟದ ಅಳತೆಯೂ ಇಲ್ಲ, ಕಾಲಿನ ಉದ್ದವೂ ಇಲ್ಲ. ಮದುವೆಯಲ್ಲಿ ಉಟ್ಟುದನ್ನೇ ಮೂರು ಮಕ್ಕಳ ತಾಯಿಯಾದ ಮೇಲೂ ಉಡಬಹುದು. ಮೈ ತುಂಬಿಕೊಂಡರೆ ಎರಡು ನೆರಿಗೆ ಕಡಿಮೆಯಾದೀತು, ಇಳಿದರೆ ಎರಡು ನೆರಿಗೆ ಹೆಚ್ಚಾದೀತು. ಉಡುವವಳು ದಪ್ಪಗಿರುವಳೋ ತೆಳ್ಳಗಿರುವಳೋ ಎಂದು ಸೀರೆಯು ಎಂದೂ ಕೇಳಿದುದಿಲ್ಲ. ನಮ್ಮ ಹೆಣ್ಣುಮಕ್ಕಳು ಈಗ ತೊಡುವ ಜೀನ್ಸಾದರೋ ಮೊದಲು ಕೇಳುವ ಪ್ರಶ್ನೆಯೇ ಅದು.

ಜೀನ್ಸ್ ತೊಡುವುದು ಯುಕ್ತವೋ ಅಯುಕ್ತವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಮ್ಮ ಮೂಡಲಪಾಳ್ಯದಲ್ಲಿ ಆ ಚರ್ಚೆ ಮುಗಿದು ಬಹುಕಾಲವಾಯಿತು. ಬೆಳಗಿನ ಹೊತ್ತು ವೃತ್ತದ ಬಳಿ ನಿಂತು ನೋಡಿದರೆ, ವಿಜಯನಗರದ ಮೆಟ್ರೋ ನಿಲ್ದಾಣದ ಕಡೆಗೆ ಸ್ಕೂಟರಿನ ಮೇಲೆ ಧಾವಿಸುವ ತರುಣಿಯರಲ್ಲಿ ಅನೇಕರು ಈ ನೀಲಿ ಉಡುಪಿನವರೇ. ದುಪ್ಪಟ್ಟದ ತುದಿ ಚಕ್ರಕ್ಕೆ ಸಿಕ್ಕುವ ಭಯವಿಲ್ಲ. ಮಳೆಗಾಲದಲ್ಲಿ ಕೆಸರು ಹಾರಿದರೂ ಎದ್ದು ಕಾಣುವುದಿಲ್ಲ. ದುಡಿಯುವ ಹೆಣ್ಣಿಗೆ ಇದು ಅನುಕೂಲವೆಂಬುದನ್ನು ನಮ್ಮ ಅತ್ತೆಯವರೂ ಒಪ್ಪಿರುವರು.

ನನ್ನ ಮಗಳಿಗೆ ಕೆಲಸ ದೊರೆತಾಗ ನಾವಿಬ್ಬರೂ ಅಂಗಡಿಗೆ ಹೋದೆವು. ಮೂವತ್ತನೆಯ ನಂಬರಿನದು ತೊಡೆಯಿಂದ ಮೇಲಕ್ಕೆ ಏರಲೊಲ್ಲದು. ಮೂವತ್ತೆರಡು ಏರಿತು, ಆದರೆ ಸೊಂಟದ ಹಿಂದೆ ನನ್ನ ಮುಷ್ಟಿಯೇ ತೂರುವಷ್ಟು ಬಾಯಿಬಿಟ್ಟಿತು. ಬೇರೊಂದು ಕಂಪನಿಯ ಮೂವತ್ತೆರಡಾದರೋ ಗುಂಡಿ ಹಾಕುವುದಕ್ಕೇ ಬರಲಿಲ್ಲ. "ಆಂಟಿ, ಹಾಕ್ಕೊಂಡು ಹಾಕ್ಕೊಂಡು ಲೂಸ್ ಆಗತ್ತೆ" ಎಂದು ಅಂಗಡಿಯ ಹುಡುಗಿ ಸಮಾಧಾನ ಹೇಳಿದಳು. ಟ್ರಯಲ್ ರೂಮಿನ ಬಾಗಿಲು ಏಳನೆಯ ಸಲ ತೆರೆದಾಗ ಮಗಳ ಕಣ್ಣು ಕೆಂಪಾಗಿದ್ದಿತು. "ಅಮ್ಮ, ನನ್ನ ಮೈಯೇ ಸರಿಯಿಲ್ಲ. ಮನೆಗೆ ಹೋಗೋಣ ಬಾ" ಎಂದಳು.

ಅಂದಿನಿಂದ ಅವಳು ರಾತ್ರಿಯ ಊಟವನ್ನು ಬಿಟ್ಟಳು. ಒಂದು ವಾರ ಕಳೆಯಿತು. ಬೆಳಿಗ್ಗೆ ಎದ್ದರೆ ತಲೆ ಸುತ್ತು, ಮಾತಾಡಿಸಿದರೆ ಸಿಡುಕು. ನಮ್ಮ ಅತ್ತೆಯವರು, "ಏಕಾದಶಿಯ ಉಪವಾಸವಾದರೂ ಆಗಿದ್ದರೆ ಪುಣ್ಯ ಬರುತ್ತಿತ್ತು, ಷರಾಯಿಗಾಗಿ ಮಾಡುವ ಉಪವಾಸಕ್ಕೆ ಯಾವ ಫಲ?" ಎಂದರು. ಎಲ್ಲರೂ ನಕ್ಕೆವು, ಅವಳೊಬ್ಬಳು ನಗಲಿಲ್ಲ. ಚಿಕ್ಕಂದಿನಿಂದ ಅನ್ನವಿಕ್ಕಿ ಬೆಳೆಸಿದ ಮೈಯನ್ನು ಮಗಳು ಹೀಗೆ ಹಗೆಯಂತೆ ಕಾಣುವುದನ್ನು ನೋಡಿ ಯಾವ ತಾಯಿ ಸುಮ್ಮನಿದ್ದಾಳು? ತಪ್ಪು ಮೈಯದೋ ಬಟ್ಟೆಯದೋ ಎಂದು ನಾನು ವಿಚಾರಮಾಡತೊಡಗಿದೆ.

ಈ ಉಡುಪು ಹುಟ್ಟಿದುದು ಹೆಂಗಸರಿಗಾಗಿ ಅಲ್ಲ. ಅಮೆರಿಕದ ರೀನೋ ಎಂಬ ಊರಿನ ದರ್ಜಿ ಜೇಕಬ್ ಡೇವಿಸನು ಕೂಲಿಗಾರರ ಜೇಬು ಹರಿಯದಂತೆ ಮೂಲೆಗಳಿಗೆ ತಾಮ್ರದ ರಿವೆಟ್ಟು ಬಡಿದನು. ಬಟ್ಟೆಯ ವರ್ತಕ ಲೀವೈ ಸ್ಟ್ರಾಸನೊಡನೆ ಸೇರಿ 1873ರ ಮೇ ತಿಂಗಳಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ಆ ಕಂಪನಿಯು ಹೆಂಗಸರಿಗೆಂದೇ ಜೀನ್ಸನ್ನು ಹೊರತಂದುದು 1934ರಲ್ಲಿ, ಎಂದರೆ ಅರುವತ್ತು ವರ್ಷಗಳಾದ ಮೇಲೆ. ಬಟ್ಟೆಯೂ ಒರಟು: ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಸೀರೆಯಂತೆ ಮೈಯನ್ನು ಅನುಸರಿಸಿ ಬೀಳುವುದು ಅದರ ಗುಣವಲ್ಲ.

ಇನ್ನು ನಂಬರಿನ ಸಂಗತಿ. ಕಾರ್ಖಾನೆಯವರು ಒಂದು ಮೈಯಳತೆಗೆ ಮಾದರಿಯನ್ನು ಕತ್ತರಿಸಿ, ಉಳಿದ ನಂಬರುಗಳನ್ನು ಅದರಿಂದಲೇ ಲೆಕ್ಕಹಾಕಿ ಹಿಗ್ಗಿಸುವರು, ಕುಗ್ಗಿಸುವರು. ಸೊಂಟಕ್ಕೂ ಪೃಷ್ಠಕ್ಕೂ ಇಷ್ಟೇ ಅಂತರವೆಂದು ಅವರು ಗೊತ್ತುಮಾಡಿದರೆ, ಅದನ್ನು ಮೀರಿದ ಮೈಗೆ ಯಾವ ನಂಬರೂ ಒಪ್ಪದು. ಅಮೆರಿಕದ ಸರ್ಕಾರವು 1939-40ರಲ್ಲಿ ಸುಮಾರು 15,000 ಹೆಂಗಸರ ಅಳತೆಯನ್ನು ತೆಗೆಯಿಸಿತು. ಅದರ ಆಧಾರದ ಮೇಲೆ 1958ರಲ್ಲಿ ಒಂದು ಪ್ರಮಾಣವನ್ನು ಏರ್ಪಡಿಸಿತು. ಅದೂ ನಿಲ್ಲಲಿಲ್ಲ; 1983ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅಂದಮೇಲೆ ಎರಡು ಅಂಗಡಿಗಳ ಮೂವತ್ತೆರಡು ಒಂದೇ ಆಗಬೇಕೆಂಬ ನಿಯಮವೆಲ್ಲಿ? ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯವರು ಆರು ನಗರಗಳಲ್ಲಿ 25,000 ಜನರ ಮೈಯಳತೆಯನ್ನು ಯಂತ್ರದಿಂದ ತೆಗೆಯುವ ಯೋಜನೆಯನ್ನು ಕೈಗೊಂಡರು. ಆ ಆರರಲ್ಲಿ ನಮ್ಮ ಬೆಂಗಳೂರೂ ಒಂದು. ನಮ್ಮ ಮೈಗೆ ನಮ್ಮದೇ ಅಳತೆ ಬೇಕೆಂಬುದನ್ನು ಬಲ್ಲವರೂ ಮನಗಂಡಿರುವರೆಂದಾಯಿತು.

ಇಷ್ಟನ್ನು ಮಗಳಿಗೆ ತಿಳಿಯಹೇಳಿ, ಟೇಪು ಹಿಡಿದು ಅವಳ ಸೊಂಟವನ್ನೂ ಪೃಷ್ಠದ ಅತ್ಯಂತ ಅಗಲವಾದ ಭಾಗವನ್ನೂ ಅಳೆದೆ. ಎರಡಕ್ಕೂ ಹನ್ನೊಂದು ಅಂಗುಲದ ಅಂತರ. ಮರುದಿನ ಬೇರೆ ಅಂಗಡಿಗೆ ಹೋಗಿ, ಸೊಂಟವನ್ನು ಗಣಿಸದೆ ಪೃಷ್ಠಕ್ಕೂ ತೊಡೆಗೂ ಹಿತವಾಗಿ ಕೂಡುವುದನ್ನು ಆರಿಸಿದೆವು. ಅದನ್ನು ನಮ್ಮ ಬೀದಿಯ ದರ್ಜಿಗೆ ಕೊಟ್ಟೆವು. ಆತನು ಹಿಂಬದಿಯ ನಡುಹೊಲಿಗೆಯನ್ನು ಬಿಚ್ಚಿ, ಸೊಂಟಪಟ್ಟಿಯನ್ನು ಕತ್ತರಿಸಿ, ಎರಡು ಅಂಗುಲದಷ್ಟು ಒಳಗೆ ಹಿಡಿದು ಹೊಲಿದುಕೊಟ್ಟನು. "ದಿನಾ ನಾಲ್ಕೈದು ಇಂಥವೇ ಬರುತ್ತಮ್ಮಾ" ಎಂದನು. ಆ ಒಂದು ಮಾತು ನನ್ನ ಉಪದೇಶಕ್ಕಿಂತ ಹೆಚ್ಚು ಕೆಲಸಮಾಡಿತು. ತನ್ನಂತಹ ಮೈಯವರು ಊರಿನಲ್ಲೆಲ್ಲ ಇರುವರೆಂದು ತಿಳಿದು ಮಗಳ ಮುಖ ಅರಳಿತು. ಆ ರಾತ್ರಿ ಅವಳು ಹುಳಿಯನ್ನ ಉಂಡು ಮಜ್ಜಿಗೆಯನ್ನಕ್ಕೂ ಕೈಯೊಡ್ಡಿದಳು.

ವಾಚಕ ಸೋದರಿಯರ ಉಪಯೋಗಕ್ಕಾಗಿ ನಾಲ್ಕು ಮಾತುಗಳನ್ನು ಹೇಳುವೆನು. ಪೃಷ್ಠಕ್ಕೆ ಒಪ್ಪುವುದನ್ನು ಕೊಳ್ಳಿರಿ. ಸೊಂಟವನ್ನು ಹಿಡಿಯಬಹುದು, ಬಿಗಿಯಾದುದನ್ನು ಬಿಡಲು ಹೊಲಿಗೆಯೊಳಗೆ ಬಟ್ಟೆಯಿರುವುದಿಲ್ಲ. ಅಂಗಡಿಯಲ್ಲಿಯೇ ತೊಟ್ಟು ಕುಳಿತು, ಬಗ್ಗಿ, ಮೆಟ್ಟಿಲು ಹತ್ತುವಂತೆ ಕಾಲೆತ್ತಿ ನೋಡಿರಿ. ನಮ್ಮವರು ನೆಲದ ಮೇಲೆ ಕೂರುವವರಲ್ಲವೆ? ತೊಡೆಯ ಮೇಲೆ ಅಡ್ಡ ಗೆರೆಗಳು ಎದ್ದರೆ ಬಿಗಿಯೆಂದೇ ತಿಳಿಯಿರಿ. ಜೇಬಿನೊಳಗೆ ಕೈ ಇಳಿಯುವುದೇ ನೋಡಿರಿ. ಹೆಂಗಸರ ಜೀನ್ಸಿನಲ್ಲಿ ಅನೇಕವೇಳೆ ಜೇಬೆಂಬುದು ಬರಿಯ ಅಲಂಕಾರ. ಒಮ್ಮೆ ಒಗೆದ ಬಳಿಕವೇ ಉದ್ದವನ್ನು ಕತ್ತರಿಸಿರಿ. ಹತ್ತಿಯ ಬಟ್ಟೆ ನೀರು ಕಂಡರೆ ಕುಗ್ಗುವುದುಂಟು.

ಇನ್ನೊಂದು ಸಂಗತಿಯೂ ಮನಸ್ಸಿಗೆ ಬರುವುದು. ಜೀನ್ಸಿಗೆ ಹೆಸರಾದ ಊರು ನಮ್ಮ ಬಳ್ಳಾರಿಯೇ; ಅಲ್ಲಿ ಈ ಹೊಲಿಗೆಯಿಂದ ಸಾವಿರಾರು ಸಂಸಾರಗಳು ಬದುಕುತ್ತಿವೆ. ಇಲ್ಲಿ ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರೇ. ಲೋಕದ ಸೊಂಟಕ್ಕೆಲ್ಲ ಪಟ್ಟಿ ಹೊಲಿಯುವ ಈ ನಾಡಿನಲ್ಲಿ ನಮ್ಮ ಹುಡುಗಿಯರು ಪಟ್ಟಿಯ ಮೇಲಿನ ಒಂದು ಅಂಕಿಯನ್ನು ಓದಿ ಕಣ್ಣೀರಿಡುವುದು ಸಲ್ಲದು. ಮಗಳು ಅಂಗಡಿಯಿಂದ ಬಾಡಿದ ಮುಖದಿಂದ ಬಂದರೆ, ತಾಯಂದಿರು ಮೊದಲು ಅವಳಿಗೆ ಊಟಕ್ಕಿಕ್ಕಲಿ. ಟೇಪನ್ನು ಹುಡುಕುವುದು ಆಮೇಲೆ.