ನಾಸಿಕದ ಸೀಸೆ, ನಮ್ಮ ಪಂಕ್ತಿ

ನಾಸಿಕವೆಂದೊಡನೆ ನಮ್ಮ ಹಿರಿಯರಿಗೆ ಗೋದಾವರಿ, ರಾಮಕುಂಡ, ಪಂಚವಟಿ, ತ್ರ್ಯಂಬಕೇಶ್ವರ ಇವೇ ನೆನಪಿಗೆ ಬರುವುವು. ಈಚೆಗೆ ಆ ಊರಿಗೆ ಇನ್ನೊಂದು ಕೀರ್ತಿಯೂ ಬಂದಿದೆ. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ವೈನ್ ತಯಾರಾಗುವ ಸೀಮೆ ಅದು. ತೀರ್ಥಕ್ಕೆಂದು ಹೋಗುವ ಆ ಊರಿಗೆ ಹೋದ ಡಿಸೆಂಬರಿನಲ್ಲಿ ನಾವು ಮೂರು ಸಂಸಾರದವರು ಈ ಎರಡನೆಯ ಕಾರಣಕ್ಕಾಗಿಯೇ ಹೋಗಿದ್ದೆವು. ವಾಚಕರು ಹುಬ್ಬೇರಿಸುವ ಮೊದಲು ಪೂರ್ತಿ ಕೇಳಬೇಕು.

ನಾವು ಡೊಂಬಿವಲಿಯ ಒಂದೇ ಕಟ್ಟಡದ ಮೂರು ಕನ್ನಡ ಮನೆಯವರು. ಒಂದು ಮನೆ ಮಂಗಳೂರು ಕಡೆಯ ಕ್ರೈಸ್ತರದು, ಒಂದು ವಿಜಯಪುರದವರದು, ಒಂದು ತುಮಕೂರು ಕಡೆಯ ನಮ್ಮದು. ಯುಗಾದಿಗೆ ನಮ್ಮಲ್ಲಿ, ಸಂಕ್ರಾಂತಿಗೆ ವಿಜಯಪುರದ ಕಾಕಾ ಅವರಲ್ಲಿ, ಕ್ರಿಸ್‌ಮಸ್ಸಿಗೆ ಮಂಗಳೂರಿನ ಬಾಯಿಯವರಲ್ಲಿ ಎಲ್ಲರ ಊಟ. ಇದು ಅನೇಕ ವರ್ಷಗಳ ರೂಢಿ. ಈ ಸಲ ಬಾಯಿಯವರ ಮಗ ಊಟದ ಜೊತೆಗೆ ಒಳ್ಳೆಯ ವೈನ್ ಇರಲಿ, ಅದೂ ನಮ್ಮ ಸೀಮೆಯದೇ ಆಗಲಿ ಎಂದು ಬಯಸಿದ. ಅಲ್ಲಿ ತೊಡಕು ಹುಟ್ಟಿತು.

ವಿಜಯಪುರದ ಕಾಕಿಯವರ ತಂದೆ ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದವರು. ಕಾಕಿ ಎಂದೂ ಹೇಳದ ಮಾತನ್ನು ಆ ದಿನ ಹೇಳಿದರು: “ಪಗಾರದ ದಿನ ನಮ್ಮವ್ವ ಗಿರಣಿ ಬಾಗಿಲದಾಗ ನಿಂದರ್ತಿದ್ಳು. ಅಪ್ಪ ದಾರೂ ಅಂಗಡಿ ಕಡೆ ತಿರುಗೋದರೊಳಗ ರೊಕ್ಕ ಇಸಗೋಬೇಕಾಗಿತ್ತು. ಬಾಟ್ಲಿ ಅಂದ್ರ ನನಗ ಅದ ನೆನಪಾಗ್ತದ. ನೀವೆಲ್ಲಾ ಉಣ್ರಿ, ನಾ ಬರೂದಿಲ್ಲ.”

ಬಾಯಿಯವರು ತಕ್ಷಣ, “ನಮ್ಮಲ್ಲಿ ಹಬ್ಬಕ್ಕೆ ಸ್ವಲ್ಪ ವೈನ್ ಇರುವುದು ಕ್ರಮ. ಆದರೆ ನೀವು ಬಾರದ ಊಟ ನಮಗೆ ಬೇಡ ಮಾರಾಯ್ರೆ” ಎಂದರು. ನಮ್ಮ ತಂದೆಯವರು, “ದ್ರಾಕ್ಷಾಸವ ಚಮಚದಲ್ಲಿ ಕುಡಿದವರು ನಾವು, ಲೋಟದಲ್ಲಿ ಕುಡಿಯೋದನ್ನ ಈ ವಯಸ್ಸಲ್ಲಿ ಕಲಿಯೋದು ಬೇಡ” ಎಂದು ನಗಿಸಲು ನೋಡಿದರು. ಎರಡು ದಿನ ಯೋಚಿಸಿ ಕಾಕಿ ತಾವೇ ಮೂರು ಕರಾರು ಹಾಕಿದರು. ಎಲೆಯ ಮುಂದೆ ಕುಳಿತ ಮೇಲಲ್ಲದೆ ಸೀಸೆ ತೆರೆಯಕೂಡದು. ಎಣಿಸಿ ತಂದದ್ದು ಮುಗಿದರೆ ಮತ್ತೆ ತರಕೂಡದು. ಬೇಡವೆಂದವರನ್ನು ಯಾರೂ ಒತ್ತಾಯಿಸಕೂಡದು. “ಆರಿಸಾಕ ನಾನೂ ಬರ್ತೀನಿ. ಏನ್ ತರ್ತೀರಿ ಅಂತ ನನ್ನ ಕಣ್ಣಿಗೆ ಕಾಣಬೇಕು” ಎಂದೂ ಸೇರಿಸಿದರು.

ಕಚೇರಿಗೆ ರಜೆಯಿದ್ದ ಒಂದು ಶನಿವಾರ ಕಲ್ಯಾಣದಲ್ಲಿ ಬೆಳಗಿನ ರೈಲು ಹತ್ತಿದೆವು. ಕಸಾರಾದಿಂದ ಇಗತಪುರಿಯವರೆಗಿನ ಘಟ್ಟದಲ್ಲಿ 37 ಅಡಿಗೆ ಒಂದಡಿಯಂತೆ ಏರಿರುವುದರಿಂದ ಗಾಡಿಯನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನುಗಳು ಬೇಕು. ಸುರಂಗಗಳನ್ನು ದಾಟಿ ಮೇಲೆ ಬಂದೊಡನೆ ಗಾಳಿಯೇ ಬೇರೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿನ ತಂಪು ರಾತ್ರಿಗಳೇ ದ್ರಾಕ್ಷಿಗೆ ಹುಳಿಯನ್ನು ಉಳಿಸಿಕೊಡುತ್ತವೆ. ಹುಳಿಯಿಲ್ಲದ ಹಣ್ಣಿನ ವೈನ್ ಸಪ್ಪೆ.

ತಿನ್ನುವ ದ್ರಾಕ್ಷಿ ಇಲ್ಲಿ ಬಹುಕಾಲದ ಬೆಳೆ. ವೈನ್ ದ್ರಾಕ್ಷಿ ಹೊಸದು. 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವದಲ್ಲಿ ಶಾಮ ಚೌಗುಲೆಯವರು ನೊರೆಯುಕ್ಕುವ ವೈನ್ ಮಾಡಿ ದಾರಿ ತೋರಿದರು. ಅಮೆರಿಕದಿಂದ ಹಿಂದಿರುಗಿದ ರಾಜೀವ ಸಾಮಂತರು ಗಂಗಾಪುರ ಅಣೆಕಟ್ಟಿನ ಬಳಿ ಬಳ್ಳಿ ಹಾಕಿ 2000ದಲ್ಲಿ ತಮ್ಮ ಸುಲಾ ವೈನನ್ನು ಹೊರತಂದರು. 2001ರಲ್ಲಿ ಮಹಾರಾಷ್ಟ್ರ ಸರಕಾರ ಇದಕ್ಕೆಂದೇ ಒಂದು ಧೋರಣೆಯನ್ನು ಪ್ರಕಟಿಸಿತು. ಸರಕಾರಿ ಕಾಗದಗಳ ನಡುವೆಯೇ ಬದುಕುವ ನಮಗೆ ಇದರಲ್ಲೊಂದು ವಿನೋದ ಕಾಣುತ್ತದೆ. ಇದೇ ರಾಜ್ಯದಲ್ಲಿ 1949ರ ಪಾನನಿರೋಧ ಕಾನೂನೂ ಇನ್ನೂ ಜೀವಂತವಾಗಿದೆ. ವೈನ್ ಕುಡಿಯಲು 21 ವರ್ಷ ತುಂಬಿರಬೇಕು.

ಗಂಗಾಪುರದ ದಾರಿಯ ಒಂದು ವೈನ್ ಕಾರಖಾನೆಗೆ ಹೋದೆವು. ಯುರೋಪಿನಲ್ಲಿ ಬೇಸಗೆ ಮುಗಿಯುವಾಗ ಕೊಯ್ಲು. ಇಲ್ಲಿ ಆ ಹೊತ್ತಿಗೆ ಮಳೆ. ಆದಕಾರಣ ಬಳ್ಳಿಯನ್ನು ಏಪ್ರಿಲಿನಲ್ಲಿ ಒಮ್ಮೆ, ಮಳೆ ಹಿಂದಾಗುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಕತ್ತರಿಸಿ, ಜನವರಿಯಿಂದ ಮಾರ್ಚಿಯೊಳಗೆ ಹಣ್ಣು ಕೀಳುತ್ತಾರೆ. ನಾವು ಹೋದಾಗ ಗೊಂಚಲುಗಳು ಇನ್ನೂ ಗಟ್ಟಿಯಾಗಿದ್ದವು. ಬಿಳಿಯ ವೈನಿಗೆ ಹಣ್ಣನ್ನು ಹಿಂಡಿ ರಸವನ್ನಷ್ಟೇ ತಂಪಾದ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸುತ್ತಾರೆ. ಕೆಂಪಿಗಾದರೆ ಸಿಪ್ಪೆಯೂ ಜೊತೆಗೇ ಇರುತ್ತದೆ. ಬಣ್ಣವೂ, ಎಳೆ ಬಾಳೆಕಾಯಿಯಂಥ ಒಗರೂ ಬರುವುದು ಆ ಸಿಪ್ಪೆಯಿಂದಲೇ. ಕಾಕಿ ಪ್ರತಿಯೊಂದನ್ನೂ ಕೇಳಿ ತಿಳಿದರು. ನಮ್ಮ ಕಡೆ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುತ್ತಾರೆಂದು ಅಲ್ಲಿಯವರಿಗೆ ಅವರೇ ಪಾಠ ಹೇಳಿದರು.

ರುಚಿ ನೋಡುವ ಕೋಣೆಯಲ್ಲಿ ಬೊಗಸೆಯಷ್ಟೂ ಇಲ್ಲದ ಪ್ರಮಾಣದಲ್ಲಿ ಐದಾರು ಬಗೆ ಸುರಿದುಕೊಟ್ಟರು. ಬರಿಯ ವೈನ್ ರುಚಿ ನೋಡಿ ಊಟಕ್ಕೆ ಆರಿಸುವುದು ಬರಿಯ ಉಪ್ಪು ನೆಕ್ಕಿ ಸಾರಿಗೆ ಹಾಕಿದಂತೆ. ಅದನ್ನು ಅರಿತಂತೆ ಕಾಕಿ ತಮ್ಮ ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮುಂದಿಟ್ಟರು. “ಉಣ್ಣೂದು ಇದನ್ನ ಅಲ್ಲೇನು? ಇದರ ಜೋಡಿ ನೋಡ್ರಿ” ಎಂದರು. ಚಟ್ನಿ ತಿಂದು ಕಾಬರ್ನೆ ಎಂಬ ಕೆಂಪನ್ನು ಕುಡಿದರೆ ನಾಲಿಗೆಗೆ ಬೆಂಕಿ ಬಿತ್ತು! ಒಗರೂ ಮದ್ಯಸಾರವೂ ಖಾರವನ್ನು ಕೆರಳಿಸುತ್ತವೆ. ತುಸು ಸಿಹಿಯುಳ್ಳ ಶೆನಿನ್ ಬ್ಲಾಂಕ್ ಕುಡಿದರೆ ಉರಿ ಇಳಿಯಿತು. ತಾವೊಂದು ಹನಿ ಮುಟ್ಟದೆ ಕಾಕಿ ನಮ್ಮೆಲ್ಲರ ಪರೀಕ್ಷೆ ಮಾಡಿಸಿದರು.

ಹೀಗೆ ಲೆಕ್ಕ ಕುದುರಿತು. ಎಣ್ಣೆಗಾಯಿ, ಶೇಂಗಾ ಚಟ್ನಿಗಳಿಗೆ ಶೆನಿನ್ ಬ್ಲಾಂಕ್. ಕಾಣೆ ಮೀನಿನ ಹುರಿದ ತುಂಡಿಗೂ ನಮ್ಮ ಮನೆಯ ಪುಳಿಯೋಗರೆಗೂ ಹುಳಿ ಮುಂದಾದ ಸೊವಿನ್ಯೋ ಬ್ಲಾಂಕ್. ಏಕೆಂದರೆ ಎಣ್ಣೆಯನ್ನು ಹುಳಿ ಕತ್ತರಿಸುತ್ತದೆ, ಹುಣಿಸೆಯ ಮುಂದೆ ಹುಳಿಯಿಲ್ಲದ ವೈನ್ ನೀರಾಗುತ್ತದೆ. ಬಾಯಿಯವರ ಹಂದಿಯ ಬಫಾತಿಗೆ ಮೆಣಸಿನ ವಾಸನೆಯ, ಒಗರು ಕಡಿಮೆಯಿರುವ ಶಿರಾಜ್. 750 ಮಿಲಿಲೀಟರಿನ ಸೀಸೆಗೆ ಐದು ಲೋಟದಂತೆ ಮೂರಕ್ಕೆ ಹದಿನೈದು ಲೋಟ. ಕುಡಿಯುವವರು ಏಳು ಜನ, ತಲೆಗೆ ಎರಡು. ಕಾಕಿ ಬೆರಳು ಮಡಚಿ ಎಣಿಸಿ ಒಪ್ಪಿದರು.

ಕೆಂಪು ಸೀಸೆಯ ವಿಷಯದಲ್ಲಿ ಮಾತ್ರ ಚರ್ಚೆ ಎದ್ದಿತು. ನಮಗೆ ‘ಊರಿನದು’ ಯಾವುದು? ಅನ್ನ ಕೊಡುವ ಮಹಾರಾಷ್ಟ್ರದ್ದೇ, ಹುಟ್ಟಿದ ಕರ್ನಾಟಕದ್ದೇ? ನಮ್ಮ ನಂದಿ ಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ ಕಂವಲ್ ಗ್ರೋವರ್ ಅವರು 1988ರಲ್ಲಿ ಸ್ಥಾಪಿಸಿದ ತೋಟದಿಂದಲೂ ಒಳ್ಳೆಯ ವೈನ್ ಬರುತ್ತದೆ. ಕರ್ನಾಟಕವೂ 2007ರಲ್ಲಿ ತನ್ನ ವೈನ್ ಧೋರಣೆಯನ್ನು ತಂದಿತು. ಕೊನೆಗೆ ಎರಡು ಬಿಳಿಯವನ್ನು ನಾಸಿಕದಲ್ಲಿಯೇ ಕೊಂಡು, ಶಿರಾಜನ್ನು ನಂದಿಯದೇ ಆರಿಸಿ ಡೊಂಬಿವಲಿಯ ಅಂಗಡಿಯಲ್ಲಿ ಕೊಂಡೆವು. ಎರಡು ಊರುಳ್ಳವರಿಗೆ ಎರಡು ಊರಿನದೂ ಸ್ವಂತದ್ದೇ.

ಡಿಸೆಂಬರ್ 25ರ ಮಧ್ಯಾಹ್ನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತೆವು. ಮಕ್ಕಳಿಗೆ, ತಂದೆಯವರಿಗೆ, ಕಾಕಿಗೆ ಕೋಕಂ ಶರಬತ್ತು. ಬಿಳಿಯದನ್ನು ಚೆನ್ನಾಗಿ ತಣಿಸಿದ್ದೆವು. ಕೆಂಪನ್ನೂ ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟಿದ್ದೆವು, ಏಕೆಂದರೆ ನಮ್ಮ ಮನೆಗಳ ಸೆಕೆ ಅದಕ್ಕೆ ಆಗದು. ಶೇಂಗಾ ಹೋಳಿಗೆಯೂ ಕುಸ್ವಾರಿನ ತಿಂಡಿಗಳೂ ಬಂದಾಗ ಲೋಟಗಳನ್ನು ಬದಿಗಿಟ್ಟು ಕಾಫಿ ತರಿಸಿದೆವು. ಸಿಹಿಯ ಮೇಲೆ ಇಂಥ ವೈನ್ ಬರಿಯ ಹುಳಿ.

ಎಲೆ ಎತ್ತುವಾಗ ಶಿರಾಜಿನ ಸೀಸೆಯಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ಕಾಕಿ ಅದನ್ನು ಬೆಳಕಿಗೆ ಹಿಡಿದು ನೋಡಿ, “ಮುಗೀದ ಉಳಿದ ಬಾಟ್ಲಿ ನಾ ಇವತ್ತ ಮೊದಲ ಸಲ ನೋಡಿದೆ” ಎಂದರು. ಯಾರೂ ಮಾತಾಡಲಿಲ್ಲ. ಬಾಯಿಯವರು ಅವರ ಕೈಯಿಂದ ಮೆಲ್ಲನೆ ಅದನ್ನು ತೆಗೆದುಕೊಂಡು ಬಿರಡೆ ಹಾಕಿ ಒಳಗಿಟ್ಟರು. ಸಂಕ್ರಾಂತಿಯ ಊಟಕ್ಕೆ ಏನೇನು ಎಂಬ ಮಾತನ್ನು ಕಾಕಿಯೇ ತೆಗೆದರು.